ಹಾಡು ಕೊಟ್ಟದ್ದನ್ನು ಕಥೆ ಕಸಿದುಕೊಂಡಾಗ
(ಹಳೆಯ ಕನ್ನಡ ಸಿನಿಮಾಗಳಲ್ಲಿ ಹೆಣ್ಣಿನ ಹಂಬಲ ಮತ್ತು ದಾಂಪತ್ಯ: ಮಡಿಕೇರಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಒಂದೇ ವರ್ಷದ ಅಂತರದಲ್ಲಿ ಬಂದ ಎರಡು ಹಾಡುಗಳಿಂದ ನನ್ನ ಮಾತನ್ನು ಆರಂಭಿಸುತ್ತೇನೆ. ಮೊದಲನೆಯದು 1973ರ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರದ ‘ವಿರಹ ನೂರು ನೂರು ತರಹ’. ಎರಡನೆಯದು 1974ರ ‘ಎರಡು ಕನಸು’ ಚಿತ್ರದ ‘ಪೂಜಿಸಲೆಂದೇ ಹೂಗಳ ತಂದೆ’. ಎರಡನ್ನೂ ಹಾಡಿದವರು ಎಸ್. ಜಾನಕಿ. ಎರಡರಲ್ಲೂ ತೆರೆಯ ಮೇಲಿರುವವಳು ವಿವಾಹಿತೆ. ಗಂಡನಿರುವ ಮನೆಯಲ್ಲಿಯೇ ಒಂಟಿಯಾದವಳು. ಕೇಳುತ್ತಿರುವುದೂ ಇಬ್ಬರೂ ಒಂದನ್ನೇ. ಆದರೆ ಒಬ್ಬಳು ಅದನ್ನು ತನ್ನ ಮೈಯ ಮಾತಾಗಿ ಕೇಳುತ್ತಾಳೆ, ಇನ್ನೊಬ್ಬಳು ದೇವರ ಮುಚ್ಚಿದ ಬಾಗಿಲಿನ ಮುಂದೆ ನಿಂತು ಭಕ್ತಳ ಮಾತಾಗಿ ಕೇಳುತ್ತಾಳೆ. ಮೊದಲನೆಯವಳ ಕಥೆ ದುರಂತದಲ್ಲಿ ಮುಗಿಯುತ್ತದೆ. ಎರಡನೆಯವಳಿಗೆ ಗಂಡ ದೊರೆಯುತ್ತಾನೆ. ಈ ವ್ಯತ್ಯಾಸ ಆಕಸ್ಮಿಕವಲ್ಲವೆಂದು ನಾನು ಬಲವಾಗಿ ನಂಬಿದ್ದೇನೆ. ನಮ್ಮ ಹಳೆಯ ಸಿನಿಮಾಗಳು ಹೆಣ್ಣಿನ ಹಂಬಲಕ್ಕೆ ಹಾಡಿನಲ್ಲಿ ಧಾರಾಳವಾಗಿ ಎಡೆ ಕೊಟ್ಟವು. ಕೊಟ್ಟದ್ದನ್ನು ಕಥೆಯ ಕೊನೆಯಲ್ಲಿ ಕಸಿದುಕೊಂಡವು. ಆದ್ದರಿಂದ ಈ ಚಿತ್ರಗಳನ್ನು ಮತ್ತೆ ನೋಡುವಾಗ ಹಾಡನ್ನೂ ಮುಕ್ತಾಯವನ್ನೂ ಬೇರೆ ಬೇರೆಯಾಗಿ ಓದಬೇಕೆಂದು ತಮ್ಮಲ್ಲಿ ಕೇಳಿಕೊಳ್ಳುತ್ತೇನೆ.

‘ಎಡಕಲ್ಲು ಗುಡ್ಡದ ಮೇಲೆ’ ಈ ಜಿಲ್ಲೆಯವರಿಗೆ ಹೊರಗಿನ ಕಥೆಯಲ್ಲ. ಎಡಕಲ್ಲು ನಮ್ಮ ದಕ್ಷಿಣದ ನೆರೆಯಾದ ವಯನಾಡಿನಲ್ಲಿದೆ. ಕಾದಂಬರಿ ಬರೆದ ಭಾರತೀಸುತರು ಕೊಡಗಿನವರು. ಅವರ ‘ಬಯಲುದಾರಿ’, ‘ಗಿರಿಕನ್ಯೆ’, ‘ಹುಲಿಯ ಹಾಲಿನ ಮೇವು’ ಕಾದಂಬರಿಗಳೂ ಮುಂದೆ ಸಿನಿಮಾಗಳಾದವು. ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಜಯಂತಿಯವರು ಮಾಧವಿಯ ಪಾತ್ರ ವಹಿಸಿದರು. ಆಕೆಯ ಗಂಡ ಸೈನ್ಯದವನು. ಗಾಯಗೊಂಡು ದಾಂಪತ್ಯಸುಖಕ್ಕೆ ಎರವಾದವನು. ಮಾಧವಿ ತನಗಿಂತ ಕಿರಿಯನಾದ ತರುಣನೊಬ್ಬನತ್ತ ಒಲಿಯುತ್ತಾಳೆ. ಅದೇ ತರುಣನನ್ನು ಆಕೆಯ ತಂಗಿಯೂ ಬಯಸುತ್ತಾಳೆ. ಮನೆಮನೆಯಿಂದಲೂ ಸೈನ್ಯಕ್ಕೆ ಗಂಡಸರನ್ನು ಕಳುಹಿಸಿದ ನಾಡು ಇದು. ಗಂಡ ಗಡಿಯಲ್ಲಿರುವಾಗ ತೋಟ, ಮಕ್ಕಳು, ಅತ್ತೆ-ಮಾವಂದಿರನ್ನು ನೋಡಿಕೊಂಡ ಹೆಂಗಸರ ಸಹನೆಯನ್ನು ನಾವು ವೇದಿಕೆಗಳಲ್ಲಿ ಬಹಳ ಹೊಗಳಿದ್ದೇವೆ. ಆ ಸಹನೆಯ ಒಳಗೆ ಏನಿತ್ತೆಂದು ಕೇಳುವ ಧೈರ್ಯ ಮಾಡಿದ್ದು ಈ ಕಥೆ.

ವಿಜಯನಾರಸಿಂಹ ಅವರ ಸಾಹಿತ್ಯಕ್ಕೆ ಎಂ. ರಂಗರಾವ್ ಅವರು ರಾಗ ಹಾಕಿದ ಆ ಹಾಡನ್ನು ಈ ದೃಷ್ಟಿಯಿಂದ ಒಮ್ಮೆ ಕೇಳಿ. ವಿರಹವೆಂಬುದು ನಮ್ಮ ಕಾವ್ಯಕ್ಕೆ ಹೊಸದಲ್ಲ. ಅಕ್ಕಮಹಾದೇವಿಯ ವಚನಗಳಲ್ಲಿ ಅದು ಚೆನ್ನಮಲ್ಲಿಕಾರ್ಜುನನಿಗಾಗಿ ಉರಿಯುತ್ತದೆ. ದಾಸರ ಪದಗಳಲ್ಲಿ ಕೃಷ್ಣನಿಗಾಗಿ ಕಾಯುತ್ತದೆ. ಆದರೆ ಮಾಧವಿಯ ವಿರಹಕ್ಕೆ ದೇವರ ಹೆಸರಿನ ಆಶ್ರಯವಿಲ್ಲ. ಗಂಡ ದೂರದೇಶಕ್ಕೆ ಹೋಗಿದ್ದಾನೆ, ನಾಳೆ ಬರುತ್ತಾನೆ ಎಂಬ ಸಮಾಧಾನವೂ ಇಲ್ಲ. ಅವನು ಮನೆಯಲ್ಲಿಯೇ ಇದ್ದಾನೆ, ಒಳ್ಳೆಯವನೂ ಹೌದು. ಆದರೂ ಆಕೆಗೆ ಸಾಲದು. ಒಳ್ಳೆಯ ಗಂಡನಿದ್ದೂ ಸಾಲದೆಂದು ಹೆಣ್ಣೊಬ್ಬಳು ತೆರೆಯ ಮೇಲೆ ಹೇಳಿದ್ದನ್ನು, ಅದನ್ನು ಪ್ರೇಕ್ಷಕರು ಐವತ್ತು ವರ್ಷಗಳಿಂದ ಪ್ರೀತಿಯಿಂದ ಕೇಳುತ್ತ ಬಂದದ್ದನ್ನು ನಾನು ಕನ್ನಡ ಸಿನಿಮಾದ ದೊಡ್ಡ ಸಾಧನೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಹಾಡು ಮುಗಿದ ಮೇಲೆ ಮಾತ್ರ ಚಿತ್ರ ಅಂಜುತ್ತದೆ. ಗಾಯಗೊಂಡ ಗಂಡನಿಗೆ ನಮ್ಮ ಕರುಣೆ ಸಲ್ಲುತ್ತದೆ, ತರುಣನಿಗೆ ಕ್ಷಮೆ ಸಲ್ಲುತ್ತದೆ, ಎಲ್ಲರ ಪಾಲಿನ ಬೆಲೆಯನ್ನು ತೆರುವವಳು ಮಾಧವಿ.

ಈಗ ‘ಎರಡು ಕನಸು’. ದೊರೆ-ಭಗವಾನ್ ನಿರ್ದೇಶನ, ರಾಜನ್-ನಾಗೇಂದ್ರ ಸಂಗೀತ. ವಾಣಿಯವರ ಕಾದಂಬರಿ ಆಧಾರ. ರಾಜಕುಮಾರ್ ಅವರ ರಾಮಚಂದ್ರ ಹಳೆಯ ಪ್ರೇಯಸಿ ಲಲಿತೆಯನ್ನು ಮರೆಯಲಾರದೆ, ಕೈಹಿಡಿದ ಗೌರಿಯನ್ನು ಮುಟ್ಟದೆ ದೂರವಿಡುತ್ತಾನೆ. ಗೌರಿಯಾಗಿ ಕಲ್ಪನಾ ಇದ್ದಾರೆ. ಆಕೆ ತನ್ನ ಬಯಕೆಯನ್ನು ರಾಮನ ಗುಡಿಯ ಬಾಗಿಲಲ್ಲಿ ನಿಂತ ಭಕ್ತಳ ಹಾಡಾಗಿ ಹಾಡುತ್ತಾಳೆ. ಗಂಡನ ಹೆಸರೂ ಅದೇ ಆಗಿರುವುದರಿಂದ ಯಾರ ಬಾಗಿಲು ತೆರೆಯಬೇಕೆಂಬುದು ಅವಳಿಗೂ ನಮಗೂ ತಿಳಿದಿದೆ. ಈ ಹಾಡನ್ನು ನಾನು ಕಡಿಮೆ ಎಂದು ಹೇಳುತ್ತಿಲ್ಲ; ಕನ್ನಡದ ಅತ್ಯಂತ ಮಧುರವಾದ ಹಾಡುಗಳಲ್ಲಿ ಅದೊಂದು. ಆದರೆ ಚಿತ್ರದ ನ್ಯಾಯವನ್ನು ಗಮನಿಸಿ. ಗಂಡನಾದವನು ಮದುವೆಯ ಹೊರಗಿನ ಹೆಣ್ಣನ್ನು ನೆನೆಯುತ್ತಲೇ ಇರುತ್ತಾನೆ. ಅದನ್ನು ಚಿತ್ರ ನೋವೆಂದು ಕರೆಯುತ್ತದೆ. ಮಾಧವಿ ಮದುವೆಯ ಹೊರಗಿನ ಗಂಡನ್ನು ನೆನೆದರೆ ಅದು ಪಾಪ. ರಾಮಚಂದ್ರನ ಹಳೆಯ ಪ್ರೇಯಸಿ ತನ್ನ ಸಂಸಾರದಲ್ಲಿ ನೆಮ್ಮದಿಯಾಗಿದ್ದಾಳೆಂದು ಕಂಡ ಮೇಲೆಯೇ ಅವನಿಗೆ ಗೌರಿಯ ಬೆಲೆ ತಿಳಿಯುತ್ತದೆ. ಗೌರಿಯ ಕಾಯುವಿಕೆಯಿಂದ ಬಾಗಿಲು ತೆರೆಯಲಿಲ್ಲ, ಲಲಿತೆಯ ನೆಮ್ಮದಿಯಿಂದ ತೆರೆಯಿತು. ಕಾದವಳಿಗೆ ಫಲ ಸಿಕ್ಕಿತೆಂದು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಈ ಚಿತ್ರವನ್ನು ತೋರಿಸಿದವರು ಇದನ್ನು ಗಮನಿಸಲಿಲ್ಲವೆಂದು ಕಾಣುತ್ತದೆ.

ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಮಾತು ಹೇಳಬೇಕು. ನಮ್ಮ ಮಲೆಗಳ ಜೊತೆ ಸಿನಿಮಾಕ್ಕೆ ಇರುವ ಸಂಬಂಧ ಬಹಳ ವಿಚಿತ್ರವಾದದ್ದು. ಮದುವೆಯಾದ ಹೊಸ ಜೋಡಿ ಹಾಡಬೇಕಾದರೆ ಮಂಜು ಬೇಕು, ಜಲಪಾತ ಬೇಕು, ಕಾಫಿ ಗಿಡಗಳ ನಡುವಿನ ಕಾಲುದಾರಿ ಬೇಕು. ಬಯಲುಸೀಮೆಯ ವಠಾರದಲ್ಲಿ ಗಂಡನ ಕೈಯನ್ನೂ ಹಿಡಿಯದ ನಾಯಕಿ ಗುಡ್ಡ ಹತ್ತಿದೊಡನೆ ಅವನ ಎದೆಗೆ ಒರಗುತ್ತಾಳೆ. ‘ಬೆಳ್ಳಿಮೋಡ’, ‘ಎಡಕಲ್ಲು ಗುಡ್ಡದ ಮೇಲೆ’, ‘ಶರಪಂಜರ’ದ ಆ ಪ್ರಸಿದ್ಧ ಹಾಡು, ಎಲ್ಲದರಲ್ಲೂ ಹೆಣ್ಣಿನ ಬಯಕೆಗೆ ಬೆಟ್ಟವೇ ಎಡೆ. ಹಂಬಲಿಸಲು ಅವಳನ್ನು ಮೇಲಕ್ಕೆ ಕರೆತರುತ್ತಾರೆ, ವಿಚಾರಣೆಗೆ ಕೆಳಗಿಳಿಸುತ್ತಾರೆ. ಇಲ್ಲಿ ವಾಸಿಸುವವರಿಗೆ ಇದು ಬೇಸರ ತರಬೇಕಾದ ಸಂಗತಿ; ಏಕೆಂದರೆ ಈ ಬೆಟ್ಟಗಳಲ್ಲಿಯೂ ಸಂಸಾರಗಳಿವೆ, ಇಲ್ಲಿಯೂ ವಿಚಾರಣೆಗಳು ನಡೆಯುತ್ತವೆ.

‘ಶರಪಂಜರ’ದ ಹಾಡೆಂದರೆ ‘ಕೊಡಗಿನ ಕಾವೇರಿ’ ಎಂದು ತಾವೆಲ್ಲರೂ ಊಹಿಸಿರುತ್ತೀರಿ. ಕಿತ್ತಳೆ ಗಿಡಗಳ ನಡುವೆ ಕಲ್ಪನಾ ಮತ್ತು ಗಂಗಾಧರ್ ನಡೆದಾಡುವ ಆ ದೃಶ್ಯ ನೋಡಿದಾಗ ಇಲ್ಲಿನ ಹಿರಿಯರಿಗೆ ಇನ್ನೊಂದು ದುಃಖವೂ ಆಗುತ್ತದೆ: ಆಗ ಕಾಫಿಯ ನಡುವೆ ಎಲ್ಲೆಲ್ಲೂ ಇದ್ದ ಕಿತ್ತಳೆ ರೋಗಕ್ಕೆ ತುತ್ತಾಗಿ ಈಗ ಬಹುತೇಕ ತೋಟಗಳಿಂದ ಮರೆಯಾಗಿದೆ. ಅದಿರಲಿ. 1971ರ ಈ ಚಿತ್ರಕ್ಕೆ ತ್ರಿವೇಣಿಯವರ ಕಾದಂಬರಿಯೇ ಮೂಲ. ತ್ರಿವೇಣಿ ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು, 1963ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡವರು. ಅವರ ಕಾವೇರಿ ಪ್ರೀತಿಸಿ ಮದುವೆಯಾದವಳು, ಗಂಡನ ಜೊತೆ ಸುಖಪಟ್ಟವಳು. ಎರಡನೆಯ ಹೆರಿಗೆಯ ನಂತರ ಅವಳ ಮನಸ್ಸು ಕದಡುತ್ತದೆ; ಮದುವೆಗೆ ಮುಂಚಿನ ಘಟನೆಯೊಂದು ಬಾಯಿಗೆ ಬರುತ್ತದೆ. ಹೆರಿಗೆಯ ನಂತರದ ಮಾನಸಿಕ ಕಾಯಿಲೆಯ ಬಗ್ಗೆ ಇಂದಿಗೂ ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಮಾತಾಡುವುದಿಲ್ಲ. ಆ ಕಾಲದಲ್ಲಿ ಅದು ಜನಪ್ರಿಯ ಚಿತ್ರವೊಂದರ ವಸ್ತುವಾಯಿತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳಿದ ಕಾವೇರಿ ಗಂಡನ ಸಾಮೀಪ್ಯವನ್ನು ಬಯಸುತ್ತಾಳೆ. ನನ್ನ ದೃಷ್ಟಿಯಲ್ಲಿ ಚಿತ್ರದ ಅತ್ಯಂತ ಧೀರವಾದ ಭಾಗ ಇದು. ಹುಚ್ಚಿಗಿಂತ ಹೆಚ್ಚಾಗಿ ಗಂಡನನ್ನು ಹೆದರಿಸುವುದು ಅವಳ ಆ ಬಯಕೆ. ಕಾಯಿಲೆಯಿಂದ ಎದ್ದವಳು ಮೂಲೆಯಲ್ಲಿ ಕೂತು ಉಪಕಾರ ಸ್ಮರಿಸಬೇಕಾಗಿತ್ತು. ಅವಳು ಹೆಂಡತಿಯ ಸ್ಥಾನವನ್ನು ಪೂರ್ತಿಯಾಗಿ ಕೇಳುತ್ತಾಳೆ. ಅವನಿಗೆ ಅಷ್ಟರಲ್ಲಿ ಬೇರೊಬ್ಬಳ ಸಂಗವಾಗಿದೆ. ಅವಳ ಮದುವೆಯ ಮುಂಚಿನ ಒಂದು ಗಳಿಗೆಯನ್ನು ಕ್ಷಮಿಸಲಾರದವನು ತನ್ನ ಈಗಿನ ಬಾಳನ್ನು ಪ್ರಶ್ನಿಸಿಕೊಳ್ಳುವುದೇ ಇಲ್ಲ. ಸೇವಕರು, ನೆರೆಯವರು, ಬಂಧುಗಳು ಎಲ್ಲರೂ ಅವಳ ಪ್ರತಿ ನಗುವಿನಲ್ಲೂ ರೋಗದ ಲಕ್ಷಣ ಹುಡುಕುತ್ತಾರೆ. ಕೊನೆಗೆ ಅವಳನ್ನು ಮತ್ತೆ ಆಸ್ಪತ್ರೆಗೆ ಒಯ್ಯುವಾಗ, ಅವಳನ್ನು ಹುಚ್ಚಿಯಾಗಿಸಿದ್ದು ಕಾಯಿಲೆಯಲ್ಲ, ಮನೆಯೇ ಎಂಬುದರ ಬಗ್ಗೆ ಪ್ರೇಕ್ಷಕನಿಗೆ ಸಂದೇಹ ಉಳಿಯುವುದಿಲ್ಲ. ಇಲ್ಲಿಯೂ ಹೆಣ್ಣೇ ಬೆಲೆ ತೆರುತ್ತಾಳೆ, ಆದರೆ ತೀರ್ಪು ಸರಿಯೆಂದು ಚಿತ್ರ ಒಪ್ಪುವುದಿಲ್ಲ. ಮಾಧವಿಯ ಕೊನೆಗೂ ಕಾವೇರಿಯ ಕೊನೆಗೂ ಇರುವ ಅಂತರ ಅದು, ಮತ್ತು ಆ ಅಂತರದ ಬಹುಪಾಲು ತ್ರಿವೇಣಿಯವರಿಗೆ ಸೇರಬೇಕು.

ಕಾವೇರಿಯ ಹೆಸರು ಬಂದ ಮೇಲೆ, ತಲಕಾವೇರಿಯ ಈ ನಾಡಿನಲ್ಲಿ ನಿಂತು ಮೂಲಕಥೆಯನ್ನು ನೆನೆಯದಿರುವುದು ಹೇಗೆ? ಅಗಸ್ತ್ಯರನ್ನು ವರಿಸುವಾಗ ಕಾವೇರಿ ಒಂದು ಷರತ್ತು ಹಾಕಿದಳು: ತನ್ನನ್ನು ಒಂಟಿಯಾಗಿ ಬಿಟ್ಟುಹೋಗಬಾರದು. ಋಷಿಗಳು ಒಪ್ಪಿದರು. ಒಂದು ದಿನ ಅವಳನ್ನು ಕಮಂಡಲದಲ್ಲಿರಿಸಿ, ಶಿಷ್ಯರನ್ನು ಕಾವಲಿಗಿಟ್ಟು ಸ್ನಾನಕ್ಕೆ ಹೋದರು. ಮಾತು ತಪ್ಪಿತೆಂದು ಅವಳು ಹರಿದು ಹೊರಟಳು. ಬಲಮುರಿಯಲ್ಲಿ ಅವಳ ಹರಿವಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂದೂ, ಕೊಡವತಿಯರು ಇಂದಿಗೂ ನೆರಿಗೆಯನ್ನು ಹಿಂದೆ ಉಡುವುದು ಅದರ ಗುರುತೆಂದೂ ಇಲ್ಲಿನ ಹಿರಿಯರು ಹೇಳುತ್ತ ಬಂದಿದ್ದಾರೆ. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಹೋಗುವಾಗ ನಾವು ಪೂಜಿಸುವುದು ಷರತ್ತು ಮುರಿದ ಗಂಡನನ್ನು ಬಿಟ್ಟು ನಡೆದವಳನ್ನು. ಅವಳನ್ನು ತಾಯಿಯೆನ್ನುತ್ತೇವೆ, ಹುಚ್ಚಿಯೆನ್ನುವುದಿಲ್ಲ. ಪುರಾಣವು ದೇವತೆಗೆ ಕೊಟ್ಟ ಈ ಹಕ್ಕನ್ನು ಸಿನಿಮಾದ ಕಾವೇರಿಗೆ ಯಾರೂ ಕೊಡಲಿಲ್ಲ. ಅವಳು ನಡೆದು ಹೋಗಲಿಲ್ಲ, ಅವಳನ್ನು ಒಯ್ದರು.

‘ಗೆಜ್ಜೆಪೂಜೆ’ಯ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಎಂ.ಕೆ. ಇಂದಿರಾ ಅವರ ಕಾದಂಬರಿ, ಪುಟ್ಟಣ್ಣನವರ ಚಿತ್ರ, ಮತ್ತೆ ಕಲ್ಪನಾ. ವೇಶ್ಯೆಯ ಮನೆಯಲ್ಲಿ ಹುಟ್ಟಿದ ಚಂದ್ರಾಗೆ ಮದುವೆಯೇ ಬಯಕೆಯ ವಸ್ತು. ಉಳಿದ ಚಿತ್ರಗಳಲ್ಲಿ ಹೆಂಡತಿಯರು ಯಾವ ಹೊಸಿಲಿನೊಳಗೆ ಉಸಿರುಗಟ್ಟುತ್ತಾರೋ ಆ ಹೊಸಿಲನ್ನು ದಾಟಿ ಒಳಗೆ ಬರಲು ಈಕೆ ಪ್ರಾಣ ಸವೆಸುತ್ತಾಳೆ, ಒಳಗಿರುವವರು ಬಾಗಿಲು ಹಾಕುತ್ತಾರೆ. ಎರಡು ಬಗೆಯ ಚಿತ್ರಗಳನ್ನೂ ಒಬ್ಬಳೇ ನಟಿ, ಒಬ್ಬನೇ ನಿರ್ದೇಶಕ ಮಾಡಿದರೆಂಬುದು ಯೋಚಿಸಬೇಕಾದ ವಿಷಯ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ‘ಬೆಳ್ಳಿಮೋಡ’ಕ್ಕೆ ಬರುತ್ತೇನೆ. 1967ರ ಚಿತ್ರ, ಪುಟ್ಟಣ್ಣನವರು ಕನ್ನಡದಲ್ಲಿ ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲನೆಯದು, ಇದೂ ತ್ರಿವೇಣಿಯವರದೇ. ಕಾಫಿ ತೋಟದ ಒಡೆಯನ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗುತ್ತಾನೆಂಬ ನಂಬಿಕೆಯ ಮೇಲೆ ತಂದೆ ಮೋಹನನ ವಿದೇಶದ ಓದಿಗೆ ಹಣ ಕೊಡುತ್ತಾರೆ. ಬಹಳ ವರ್ಷಗಳ ನಂತರ ಆ ಮನೆಯಲ್ಲಿ ಗಂಡು ಮಗು ಹುಟ್ಟುತ್ತದೆ. ತೋಟ ಇನ್ನು ಇಂದಿರಾಳದಲ್ಲವೆಂದು ತಿಳಿದೊಡನೆ ಮೋಹನನ ಪ್ರೀತಿ ತಣ್ಣಗಾಗುತ್ತದೆ. ತೋಟದ ಮನೆಗಳಲ್ಲಿ ಬೆಳೆದವರಿಗೆ ಈ ಲೆಕ್ಕಾಚಾರವನ್ನು ವಿವರಿಸುವ ಅಗತ್ಯವಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ಉಯಿಲಿಲ್ಲದೆ ತೀರಿಕೊಂಡ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟು ಆಗಲೇ ಹನ್ನೊಂದು ವರ್ಷಗಳಾಗಿದ್ದವು. ಒಟ್ಟು ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಕರ್ನಾಟಕದ ಹೆಣ್ಣುಮಕ್ಕಳಿಗೆ ದೊರೆತದ್ದು 1994ರ ತಿದ್ದುಪಡಿಯಿಂದ. ಆದರೆ ಚಿತ್ರದೊಳಗೆ ಯಾರೂ ಕಾಯ್ದೆಯ ಮಾತೆತ್ತುವುದಿಲ್ಲ. ಗಂಡು ಹುಟ್ಟಿದ, ಹೆಣ್ಣಿಗೆ ಏನೂ ಉಳಿಯಲಿಲ್ಲ ಎಂಬುದು ಅಲ್ಲಿ ಮಳೆಯಷ್ಟೇ ಸಹಜ. ಪ್ರೇಮದ ಬುಡದಲ್ಲಿ ಆಸ್ತಿಪತ್ರವಿದೆಯೆಂದು ಇಷ್ಟು ನೇರವಾಗಿ ತೋರಿಸಿದ ಕನ್ನಡ ಚಿತ್ರಗಳು ಕಡಿಮೆ.

ಮುಂದೆ ಮೋಹನ ಅಪಘಾತದಲ್ಲಿ ಗಾಯಗೊಂಡು ಅದೇ ಮನೆಯಲ್ಲಿ ಮಲಗುತ್ತಾನೆ. ಇಂದಿರಾ ಅವನ ಶುಶ್ರೂಷೆ ಮಾಡುತ್ತಾಳೆ. ಅವನಿಗೆ ಈಗ ನಿಜವಾಗಿ ಅವಳ ಮೇಲೆ ಪ್ರೀತಿ ಹುಟ್ಟುತ್ತದೆ, ಮದುವೆಯಾಗೋಣವೆಂದು ಕೇಳುತ್ತಾನೆ. ನಾವು ಹಿಂದೆ ನೋಡಿದ ‘ಎರಡು ಕನಸು’ವಿನ ದಾರಿ ಇದೇ ಆಗಿತ್ತು: ತಪ್ಪು ಮಾಡಿದ ಗಂಡು ಪಶ್ಚಾತ್ತಾಪ ಪಡುತ್ತಾನೆ, ಹೆಣ್ಣಿನ ಕಾಯುವಿಕೆ ಸಾರ್ಥಕವಾಗುತ್ತದೆ, ಪ್ರೇಕ್ಷಕ ಸಮಾಧಾನದಿಂದ ಎದ್ದು ಹೋಗುತ್ತಾನೆ. ಇಂದಿರಾ ಬೇಡವೆನ್ನುತ್ತಾಳೆ. ಕೋಪದಿಂದಲ್ಲ, ಸೇಡಿನಿಂದಲ್ಲ, ಅವನನ್ನು ಅವಳು ಒಮ್ಮೆ ಮನಸಾರೆ ಬಯಸಿದ್ದಳು, ಆ ಬಯಕೆಗೆ ಬೆಲೆಯಿತ್ತು, ಅದನ್ನು ಅವನು ತೋಟದ ಜೊತೆ ತೂಗಿದ ಎಂಬ ಅರಿವಿನಿಂದ. ಹೆಣ್ಣಿನ ಹಂಬಲದ ಚಿತ್ರಣವೆಂದರೆ ಅವಳು ಯಾರನ್ನು ಬಯಸಿದಳೆಂಬುದರ ಚಿತ್ರಣವೆಂದೇ ನಾವು ತಿಳಿಯುತ್ತೇವೆ. ಯಾರನ್ನು ಇನ್ನು ಬಯಸುವುದಿಲ್ಲವೆಂದು ಹೇಳುವ ಹಕ್ಕೂ ಅದರೊಳಗೇ ಸೇರಿದೆ. ಇಂದಿರಾ ಸಾಯುವುದಿಲ್ಲ, ಹುಚ್ಚಿಯಾಗುವುದಿಲ್ಲ, ಯಾರ ಮನೆಯ ಬಾಗಿಲಲ್ಲೂ ನಿಲ್ಲುವುದಿಲ್ಲ. ತಾಯಿಯಿಲ್ಲದ ತಮ್ಮನನ್ನು ಸಾಕುತ್ತ ಅದೇ ಮನೆಯಲ್ಲಿ ಬದುಕುತ್ತಾಳೆ. ಅವಳ ಪಾಲಿಗೆ ತ್ಯಾಗವೊಂದನ್ನೇ ಉಳಿಸಿದರಲ್ಲವೇ ಎಂದು ತಮ್ಮಲ್ಲಿ ಕೆಲವರು ಕೇಳಬಹುದು, ಆ ಪ್ರಶ್ನೆ ನ್ಯಾಯವಾದದ್ದೇ; ಮತ್ತೊಬ್ಬನನ್ನು ಬಯಸುವ ಅವಕಾಶವನ್ನು ಕಥೆ ಅವಳಿಗೆ ಕೊಡಲಿಲ್ಲ. ಆದರೂ ನಾನು ಇಂದು ಹೆಸರಿಸಿದ ನಾಯಕಿಯರಲ್ಲಿ ಕೊನೆಯ ದೃಶ್ಯದ ನಿರ್ಧಾರ ತನ್ನದೇ ಆಗಿರುವವಳು ಇವಳೊಬ್ಬಳೇ.

ಎಪ್ಪತ್ತರ ದಶಕದ ಹೊಸ ಅಲೆಯ ಚಿತ್ರಗಳು ಈ ವಿಷಯದಲ್ಲಿ ಮುಂದೆ ಹೋದವೇ? ಹಾಡುಗಳನ್ನು ಕೈಬಿಟ್ಟವು, ಅಲಂಕಾರವನ್ನು ಕೈಬಿಟ್ಟವು. 1970ರ ‘ಸಂಸ್ಕಾರ’ದ ಚಂದ್ರಿಗೆ ತನ್ನ ಬಯಕೆಯ ಬಗ್ಗೆ ನಾಚಿಕೆಯಿಲ್ಲ, ಕಾಡಿನ ಕತ್ತಲಲ್ಲಿ ನಡೆದದ್ದರಿಂದ ಅಗ್ರಹಾರದ ಪಂಡಿತರಾದ ಪ್ರಾಣೇಶಾಚಾರ್ಯರ ಜಗತ್ತು ಕುಸಿಯುತ್ತದೆ, ಅವಳದು ಕುಸಿಯುವುದಿಲ್ಲ. ಆದರೆ ಕ್ಯಾಮೆರಾ ಆಚಾರ್ಯರ ಹಿಂದೆ ಹೋಗುತ್ತದೆ, ಅವಳ ಹಿಂದೆ ಹೋಗುವುದಿಲ್ಲ. ಆ ಪಾತ್ರ ವಹಿಸಿದ ಸ್ನೇಹಲತಾ ರೆಡ್ಡಿಯವರು ತುರ್ತುಪರಿಸ್ಥಿತಿಯಲ್ಲಿ ಸೆರೆಮನೆಗೆ ಹೋಗಿ, ಬಿಡುಗಡೆಯಾದ ಸ್ವಲ್ಪ ದಿನಗಳಲ್ಲಿಯೇ 1977ರ ಜನವರಿಯಲ್ಲಿ ತೀರಿಕೊಂಡರು. ಅವರ ಮುಖವನ್ನು ಆ ಚಿತ್ರದಲ್ಲಿ ನೋಡುವಾಗಲೆಲ್ಲ ನನಗೆ ಆ ಸಂಗತಿ ನೆನಪಾಗದೆ ಇರುವುದಿಲ್ಲ.

‘ಕಾಡು’ ಮತ್ತು ‘ಘಟಶ್ರಾದ್ಧ’ ಎರಡರಲ್ಲೂ ನಮಗೆ ಹೆಣ್ಣಿನ ಬಾಳನ್ನು ತೋರಿಸುವುದು ಒಬ್ಬ ಹುಡುಗನ ಕಣ್ಣು. ‘ಕಾಡು’ವಿನ ಕಮಲಿ ಪಕ್ಕದ ಊರಿನವಳ ಬಳಿಗೆ ಹೋಗುವ ಗಂಡನನ್ನು ಮರಳಿ ಪಡೆಯಲು ಮಾಟಮಂತ್ರದ ಮೊರೆ ಹೋಗುವುದನ್ನು ಕಿಟ್ಟಿ ನೋಡುತ್ತಾನೆ. 1977ರ ‘ಘಟಶ್ರಾದ್ಧ’ದಲ್ಲಿ ಮೀನಾ ಕುಟ್ಟಪ್ಪ ಅವರು ಅಭಿನಯಿಸಿದ ಯಮುನಕ್ಕ, ಎಳೆಯ ವಿಧವೆ, ಶಾಲೆಯ ಮೇಷ್ಟ್ರಿಂದ ಗರ್ಭಿಣಿಯಾದದ್ದನ್ನು ನಾಣಿ ಅರ್ಥವಾಗದೆಯೇ ಕಾಣುತ್ತಾನೆ. ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡುತ್ತಾನೆ. ಆಮೇಲೆ ಆ ತಂದೆ ತಾನೇ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಸಿದ್ಧನಾಗುತ್ತಾನೆ. ಹುಡುಗನ ಕಣ್ಣನ್ನು ಆರಿಸಿಕೊಂಡದ್ದರಿಂದ ಈ ಚಿತ್ರಗಳಿಗೆ ದೊಡ್ಡ ಲಾಭವಾಯಿತು: ಹುಡುಗ ತೀರ್ಪು ಕೊಡುವುದಿಲ್ಲ, ಅವನಿಗೆ ಯಮುನಕ್ಕ ಕೇವಲ ಅಕ್ಕ. ನಷ್ಟವೂ ಆಯಿತು. ಹುಡುಗನಿಗೆ ತಿಳಿಯದ್ದು ನಮಗೂ ತಿಳಿಯುವುದಿಲ್ಲ. ಯಮುನಕ್ಕ ಆ ಮೇಷ್ಟ್ರಲ್ಲಿ ಏನು ಕಂಡಳು, ಅವಳಿಗೆ ಒಂದು ದಿನವಾದರೂ ಸಂತೋಷವಾಗಿತ್ತೇ ಎಂದು ಕೇಳಿದರೆ ಚಿತ್ರದಲ್ಲಿ ಉತ್ತರವಿಲ್ಲ. ಅವಳ ನೋವೆಲ್ಲ ಇದೆ, ಬಯಕೆ ಇಲ್ಲ.

ಆ ಬಯಕೆಯನ್ನು ಒಳಗಿನಿಂದ ಬರೆದವರೊಬ್ಬರು ನಮ್ಮ ಈ ಊರಿನಲ್ಲಿಯೇ ಹುಟ್ಟಿದ್ದರು. ಕೊಡಗಿನ ಗೌರಮ್ಮನವರು 1939ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ ನೀರಿನ ಪಾಲಾದರು. ಕಥೆಗಳು ‘ಕಂಬನಿ’, ‘ಚಿಗುರು’ ಎಂಬ ಸಂಕಲನಗಳಲ್ಲಿ ಉಳಿದಿವೆ. ‘ವಾಣಿಯ ಸಮಸ್ಯೆ’ಯ ಎಳೆಯ ವಿಧವೆ ನೆರೆಮನೆಯ ದಾಂಪತ್ಯವನ್ನು ನೋಡುತ್ತ ತನ್ನೊಳಗಿನ ಹಂಬಲವನ್ನು ತಾನೇ ಗುರುತಿಸುತ್ತಾಳೆ. ಯಾವ ಹುಡುಗನೂ ಕಿಟಕಿಯಿಂದ ನೋಡಬೇಕಾಗಿಲ್ಲ. ಇದೇ ನಾಡಿನ ಕೊಡವರಲ್ಲಿ ವಿಧವೆಯ ಮರುಮದುವೆಗೆ ಪದ್ಧತಿಯ ಒಪ್ಪಿಗೆ ಹಿಂದಿನಿಂದಲೇ ಇತ್ತು, ಅದಕ್ಕೆ ಕೂಡಾವಳಿ ಎಂಬ ಹೆಸರೂ ಇದೆ. ಒಂದೇ ಜಿಲ್ಲೆಯೊಳಗೆ ಒಂದು ಮನೆಯ ವಿಧವೆಗೆ ಮತ್ತೆ ಬಾಳುವ ದಾರಿ, ಇನ್ನೊಂದು ಮನೆಯ ವಿಧವೆಗೆ ಕ್ಷೌರ ಮತ್ತು ಕೆಂಪು ಸೀರೆ. ನಮ್ಮ ಸಿನಿಮಾ ಮತ್ತೆ ಮತ್ತೆ ಹೇಳಿದ್ದು ಎರಡನೆಯ ಮನೆಯ ಕಥೆಯನ್ನು ಮಾತ್ರ. ಗೌರಮ್ಮನವರ ಕಥೆಗಳಿಗೆ ಅವರ ಕಾಲದ ನಂತರವಾದರೂ ಒಬ್ಬ ಪುಟ್ಟಣ್ಣ ಸಿಕ್ಕಿದ್ದರೆ ಎಂದು ನಾನು ಎಷ್ಟೋ ಬಾರಿ ಅಂದುಕೊಂಡಿದ್ದೇನೆ.

ಕಥೆ ಬರೆದವರು ಹೆಂಗಸರು, ಚಿತ್ರ ಮಾಡಿದವರು ಗಂಡಸರು ಎಂಬ ಈ ಏರ್ಪಾಡು ಬದಲಾದದ್ದು 1983ರಲ್ಲಿ, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಪ್ರೇಮಾ ಕಾರಂತರು ಚಿತ್ರವಾಗಿಸಿದಾಗ. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿ, ಮಡಿಯಲ್ಲಿ ಬಾಳಿಡೀ ಕಳೆದ ಫಣಿಯಮ್ಮನ ಪಾತ್ರವನ್ನು ಎಲ್.ವಿ. ಶಾರದಾ ನಿರ್ವಹಿಸಿದರು. ಮನೆಯ ಇನ್ನೊಬ್ಬ ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಆಗ ಅವಳ ಪರವಾಗಿ ಮಾತಾಡುವವಳು, ಆ ಕಟ್ಟಳೆಯನ್ನು ಜೀವನವಿಡೀ ಪಾಲಿಸಿದ ಫಣಿಯಮ್ಮನೇ. ಇಲ್ಲಿಯವರೆಗೆ ನಾವು ನೋಡಿದ ಚಿತ್ರಗಳಲ್ಲಿ ಬಯಸಿದ ಹೆಣ್ಣು ಒಂಟಿ. ಅವಳ ಸುತ್ತ ಅತ್ತೆಯರೂ ನೆರೆಯವರೂ ತೀರ್ಪುಗಾರರಾಗಿ ನಿಂತಿರುತ್ತಾರೆ, ‘ಎಡಕಲ್ಲು ಗುಡ್ಡದ ಮೇಲೆ’ಯಲ್ಲಿ ಒಡಹುಟ್ಟಿದ ತಂಗಿಯೇ ಎದುರಾಳಿಯಾಗುತ್ತಾಳೆ. ಫಣಿಯಮ್ಮ ತನಗೆ ದೊರೆಯದ್ದು ಇನ್ನೊಬ್ಬಳಿಗೆ ದೊರೆಯಲೆಂದು ನಿಲ್ಲುತ್ತಾಳೆ. ತನ್ನ ಬಾಳಿನಲ್ಲಿ ಬಯಕೆಗೆ ಎಡೆಯೇ ಇರಲಿಲ್ಲವೆಂದು ದೂರದೆ, ಅದು ಇಲ್ಲದೆ ಬದುಕುವುದು ಏನೆಂದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳಾಗಿ, ಹಿರಿಯರ ಮುಂದೆ ದಾಕ್ಷಾಯಿಣಿಯ ಕೂದಲನ್ನು ಕಾಯುತ್ತಾಳೆ.